ಚಳಿಗಾಲದಲ್ಲಿ ಮನೆಯೊಳಗಿನ ಗಿಡ ಕೆಟ್ಟರೆ: ಚಳಿಯನ್ನು ದೂರುವ ಮೊದಲು ಇಷ್ಟು ನೋಡಿ

ಮಂಗಳೂರಿನ ಫ್ಲ್ಯಾಟಿಗೆ ಬಂದ ಮೊದಲ ಡಿಸೆಂಬರ್‌ನಲ್ಲಿ ನಾನು ಬಾಲ್ಕನಿಯ ಹನ್ನೊಂದು ಗಿಡಗಳಿಗೆ ಪ್ಲಾಸ್ಟಿಕ್ ಹೊದೆಸಿದ್ದೆ. ಮದುವೆ ಊಟಕ್ಕೆ ಮೇಜಿನ ಮೇಲೆ ಹಾಸುವ ರೋಲ್ ಇರುತ್ತದಲ್ಲ, ಅದು. ಕ್ಯಾಲಥಿಯಾದ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಪೀಸ್ ಲಿಲಿಯ ಮೇಲೆ ಹುಲ್ಲಿನ ಬಣ್ಣದ ಕಲೆ ಬಿದ್ದಿತ್ತು. ಚಳಿ ತಾಗಿದೆ ಅಂತ ನಾನೇ ತೀರ್ಮಾನ ಮಾಡಿದೆ. ಯಾವುದೋ ವಿಡಿಯೊದಲ್ಲಿ ಚಳಿಗಾಲಕ್ಕೆ ಗಿಡಗಳನ್ನು ಹೀಗೆ ಮುಚ್ಚಿಡಿ ಅಂದಿದ್ದರು. ಆ ವಿಡಿಯೊದವರ ಕಿಟಕಿಯ ಆಚೆ ಹಿಮ ಬಿದ್ದಿತ್ತು. ಅದು ಕಣ್ಣಿಗೆ ಬಿದ್ದರೂ ನನ್ನ ತಲೆಗೆ ಹೋಗಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಪ್ಲಾಸ್ಟಿಕ್ ಎತ್ತಿದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಬಂತು. ಒಳಗಿದ್ದ ಥರ್ಮಾಮೀಟರ್ 43 ತೋರಿಸುತ್ತಿತ್ತು. ಎರಡು ಕ್ಯಾಲಥಿಯಾ, ಒಂದು ಪೀಸ್ ಲಿಲಿ, ಒಂದು ಜರೀಗಿಡ, ಒಟ್ಟು ನಾಲ್ಕು ಹೋದವು. ಕೆಳಗಿನ ಮನೆಯ ಅಜ್ಜಿ ನೋಡಿ ಕೇಳಿದರು: "ಚಳಿ ಎಲ್ಲಿ ಉಂಟು ಮಾರಾಯ್ರೆ? ಜನವರಿಯಲ್ಲೂ ನಾವು ಫ್ಯಾನ್ ಹಾಕಿಯೇ ಮಲಗುವುದಲ್ವಾ?"

ಆಮೇಲೆ ನಾನು ಗಿಡ ಕೆಟ್ಟಾಗ ಹೊದಿಕೆ ಹುಡುಕುವುದು ಬಿಟ್ಟು ಕಾರಣ ಹುಡುಕಲು ಶುರು ಮಾಡಿದೆ. ಕರಾವಳಿಯಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಗಿಡ ಕೆಡುವುದು ನಿಜ. ಆದರೆ ಕೆಡಿಸುವುದು ಹೆಚ್ಚಿನ ಸಲ ಚಳಿ ಅಲ್ಲ. ಯಾರು ಅಂತ ಹಿಡಿಯುವುದು ಹೇಗೆ? ನಾನು ಮಾಡುವ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಅಳೆಯಿರಿ

ಅತಿ ಹೆಚ್ಚು ಮತ್ತು ಅತಿ ಕಡಿಮೆ ಎರಡನ್ನೂ ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್ ಒಂದು ತನ್ನಿ. ತೇವಾಂಶವನ್ನೂ ತೋರಿಸುವಂಥದ್ದಾದರೆ ಒಳ್ಳೆಯದು. ಅದನ್ನು ಗೋಡೆಗೆ ನೇತುಹಾಕಬೇಡಿ. ಗಿಡದ ಪಕ್ಕ, ಎಲೆಯ ಎತ್ತರಕ್ಕೆ, ಬಿಸಿಲು ಬೀಳದ ಕಡೆ ಇಡಿ. ಮೂರು ರಾತ್ರಿ ಹಾಗೇ ಬಿಡಿ.

ನನ್ನ ಬಾಲ್ಕನಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 20ರಿಂದ 22 ಇರುತ್ತದೆ. ತೀರಾ ಚಳಿ ಅಂತ ಎಲ್ಲರೂ ಮಾತಾಡಿಕೊಳ್ಳುವ ಒಂದೆರಡು ದಿನ 18ಕ್ಕೆ ಇಳಿದದ್ದುಂಟು. ಧನು ಪೂಜೆಗೆ ಬೆಳಗಿನ ಜಾವ ಹೊರಟವರು ಶಾಲು ಹೊದ್ದುಕೊಳ್ಳುತ್ತಾರೆ. ಆದರೆ ನಮಗೆ ಶಾಲು ಬೇಕು ಅನ್ನಿಸಿದ್ದಕ್ಕೆ ಗಿಡಕ್ಕೂ ಬೇಕು ಅಂತೇನಿಲ್ಲ. ಮನಿಪ್ಲಾಂಟ್, ಮಾನ್ಸ್ಟೆರಾ, ಫಿಲೊಡೆಂಡ್ರಾನ್‌ಗಳಿಗೆ ಸುಮಾರು 10ರಿಂದ 12 ಡಿಗ್ರಿಗಿಂತ ಕೆಳಗೆ ಹೋದರೆ ಪೆಟ್ಟು. ಅಗ್ಲೋನಿಮಾ, ಕ್ಯಾಲಥಿಯಾ, ಆಂಥೂರಿಯಂ, ಅಲೊಕೇಸಿಯಾ ಸ್ವಲ್ಪ ನಾಜೂಕು. ಅವುಗಳಿಗೆ 15ರ ಆಸುಪಾಸಿನಲ್ಲೇ ಕಷ್ಟ ಶುರುವಾಗುತ್ತದೆ.

ಬಾತ್‌ರೂಮಿನ ತೆಂಗಿನೆಣ್ಣೆ ಗಟ್ಟಿಯಾಯಿತು, ಅಷ್ಟು ಚಳಿ ಅಂತ ಹೇಳುವವರಿದ್ದಾರೆ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಬಂದರೆ ಸಾಕು, ಗಟ್ಟಿಯಾಗುತ್ತದೆ. ಗಿಡದ ಮಟ್ಟಿಗೆ ಅದು ಚಳಿಯ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಗಿಡದೊಳಗೆ ಏನಾಗುತ್ತದೆ ಅಂತ ತಿಳಿಯಲು ಆ ಎಣ್ಣೆ ಬಾಟಲಿ ಒಳ್ಳೆಯ ಉದಾಹರಣೆ. ಎಲೆಯ ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇರುತ್ತದೆ. ಉಷ್ಣವಲಯದ ಗಿಡಗಳಲ್ಲಿ ಆ ಪೊರೆ ಸೆಕೆಗೆ ತಕ್ಕಂತೆ ಆಗಿರುವಂಥದ್ದು. ತಾಪ ಇಳಿದಾಗ ಅದು ಎಣ್ಣೆಯ ಹಾಗೇ ಬಿಗಿದುಕೊಳ್ಳುತ್ತದೆ. ಬಿಗಿದ ಪೊರೆ ಸೋರುತ್ತದೆ. ಒಳಗಿನ ನೀರು, ಲವಣ ಎಲ್ಲ ಹೊರಗೆ ಬರುತ್ತವೆ. ಇದಕ್ಕೆ ನೀರು ಮಂಜುಗಡ್ಡೆ ಆಗಬೇಕು ಅಂತಿಲ್ಲ.

ಥರ್ಮಾಮೀಟರಿನಲ್ಲಿ ಮೂರು ರಾತ್ರಿಯ ಅತಿ ಕಡಿಮೆ 18 ಅಥವಾ ಅದಕ್ಕಿಂತ ಮೇಲಿದೆಯೇ? ಹಾಗಾದರೆ ಚಳಿಯನ್ನು ಪಟ್ಟಿಯಿಂದ ಹೊಡೆದುಹಾಕಿ, ಮುಂದೆ ಓದಿ. 15ರಿಂದ 18ರ ನಡುವೆ ಇದ್ದರೆ ಗಿಡ ಬೆಳೆಯುವುದು ನಿಧಾನವಾಗಬಹುದು, ಅಷ್ಟೆ. 15ಕ್ಕಿಂತ ಕೆಳಗೆ ಹೋಗಿದ್ದರೆ ಕೊನೆಯ ಎರಡು ಭಾಗಗಳು ನಿಮಗೆ ಬೇಕಾದದ್ದು. ಆದರೆ ಕರಾವಳಿಯ ಮನೆಯಲ್ಲಿ ಅಷ್ಟು ಕೆಳಗೆ ಹೋಗಿದೆ ಅಂದರೆ ಮೊದಲು ತಲೆ ಎತ್ತಿ ನೋಡಿ. ಮೇಲೆ ಏಸಿ ಇದೆಯಾ?

ಏಸಿಯ ಗಾಳಿ

ಏಸಿಯನ್ನು 24ಕ್ಕೆ ಇಟ್ಟಿದ್ದೇವೆ, ಗಿಡಕ್ಕೆ ಏನಾಗುತ್ತದೆ ಅಂತ ಕೇಳುತ್ತಾರೆ. 24 ಅನ್ನುವುದು ಕೋಣೆ ಮುಟ್ಟಬೇಕಾದ ತಾಪ. ಕಂಪ್ರೆಸರ್ ಓಡುತ್ತಿರುವಾಗ ಏಸಿಯ ಬಾಯಿಯಿಂದ ಹೊರಬರುವ ಗಾಳಿ ಸಾಮಾನ್ಯವಾಗಿ 12ರಿಂದ 15 ಡಿಗ್ರಿ ಇರುತ್ತದೆ. ಗಿಡ ಆ ಗಾಳಿಯ ದಾರಿಯಲ್ಲಿ ಇದ್ದರೆ ಅದಕ್ಕೆ ನಿಮ್ಮ 24ರ ಸುದ್ದಿಯೇ ತಿಳಿಯುವುದಿಲ್ಲ.

ಉಡುಪಿಯಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಅಗ್ಲೋನಿಮಾ ಇತ್ತು. ಕೆಂಪು ಅಂಚಿನ, ಚೆಂದದ ಗಿಡ. ಮಲಗುವ ಕೋಣೆಯ ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದರು. ಚಳಿಗಾಲ ಬಂದಾಗಿನಿಂದ ಎಲೆ ಹಾಳಾಗುತ್ತಿದೆ, ರಾತ್ರಿ ಕಿಟಕಿ ಮುಚ್ಚಿಯೇ ಇಡುತ್ತೇವೆ ಅಂದರು. ನಾನು ಹೋಗಿ ನೋಡಿದೆ. ಕೆಟ್ಟದ್ದು ಒಂದೇ ಮಗ್ಗುಲು. ಆ ಕಡೆಯ ಎಲೆಗಳ ಮೇಲೆ ಎಣ್ಣೆ ಚೆಲ್ಲಿದ ಕಾಗದದ ಹಾಗೆ ಕಪ್ಪು ಹಸಿರಿನ, ಹಸಿ ಹಸಿ ಕಾಣುವ ಕಲೆಗಳು. ಇನ್ನೊಂದು ಮಗ್ಗುಲಿನ ಎಲೆಗಳು ಚೆನ್ನಾಗಿಯೇ ಇದ್ದವು. ಕಪಾಟಿನ ಎದುರು ಗೋಡೆಯಲ್ಲಿ ಏಸಿ. ಟಿಶ್ಯೂ ಕಾಗದದ ಒಂದು ಸೀಳನ್ನು ಗಿಡದ ಮೇಲೆ ಹಿಡಿದೆ. ಪಟಪಟ ಹಾರಿತು. ರಾತ್ರಿ ಥರ್ಮಾಮೀಟರ್ ಅಲ್ಲೇ ಇಟ್ಟೆವು. ಬೆಳಿಗ್ಗೆ ನೋಡಿದರೆ ಕಿಟಕಿಯ ಹೊರಗೆ 22, ಕಪಾಟಿನ ಮೇಲೆ 14. ಕಿಟಕಿ ಮುಚ್ಚಿ ಅವರು ಗಿಡವನ್ನು ಬೆಚ್ಚಗಿನ ಗಾಳಿಯಿಂದ ಕಾಪಾಡುತ್ತಿದ್ದರು!

ಗಿಡವನ್ನು ಕಪಾಟಿನಿಂದ ಇಳಿಸಿ ಏಸಿಯ ಕೆಳಗಿನ ಗೋಡೆಯ ಪಕ್ಕಕ್ಕೆ, ಗಾಳಿ ನೇರ ಬೀಳದ ಮೂಲೆಗೆ ಇಟ್ಟೆವು. ಅಷ್ಟೇ ಮಾಡಿದ್ದು. ಟಿಶ್ಯೂ ಅಲ್ಲಾಡದ ಜಾಗ ಸಿಕ್ಕಿದರೆ ಏಸಿ ಕೋಣೆಯಲ್ಲೂ ಗಿಡ ಬದುಕುತ್ತದೆ.

ಏಸಿಯ ಇನ್ನೊಂದು ಮುಖವೂ ಇದೆ, ಹೊರಗಿನ ಯೂನಿಟ್. ಫ್ಲ್ಯಾಟ್‌ಗಳಲ್ಲಿ ಬಟ್ಟೆ ಒಣಗಿಸುವ ಬಾಲ್ಕನಿಯಲ್ಲೇ ಅದನ್ನು ಕೂರಿಸಿರುತ್ತಾರೆ, ಅದರ ಎದುರಿಗೇ ಕುಂಡಗಳು. ಅಲ್ಲಿ ಬರುವುದು ಬಿಸಿ, ಒಣ ಗಾಳಿ. ಅಲ್ಲಿ ಎಲೆ ಹಪ್ಪಳದ ಹಾಗೆ ಗರಿಗರಿ ಆಗುತ್ತದೆ. ಒಂದೇ ಏಸಿಯಿಂದ ಒಳಗೆ ಹಸಿ ಕಲೆ, ಹೊರಗೆ ಒಣ ಕಲೆ. ಎರಡಕ್ಕೂ ಹೆಸರು ಮಾತ್ರ ಚಳಿಯದ್ದು.

ಬಿಸಿಲು ಮನೆಯೊಳಗೆ ಬಂದಿದೆಯೇ?

ಇದು ನನ್ನದೇ ಮನೆಯ ಕೇಸು. ಪೀಸ್ ಲಿಲಿಯ ಮೇಲೆ ಬಿದ್ದ ಆ ಹುಲ್ಲಿನ ಬಣ್ಣದ ಕಲೆಯ ಕಾರಣ ನನಗೆ ತಿಳಿದದ್ದು ಮುಂದಿನ ವರ್ಷ.

ನನ್ನ ಬಾಲ್ಕನಿ ದಕ್ಷಿಣಕ್ಕೆ. ಮಳೆಗಾಲದಲ್ಲಿ ಗಿಡ ತಂದಾಗ ಅಲ್ಲಿ ಬಿಸಿಲೇ ಇರಲಿಲ್ಲ. ನೆರಳಿನ ಬಾಲ್ಕನಿ ಅಂತ ಖುಷಿಪಟ್ಟು ನೆರಳಿನ ಗಿಡಗಳನ್ನೇ ತುಂಬಿದೆ. ಆದರೆ ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ದಕ್ಷಿಣದ ಬಾಲ್ಕನಿಗೆ ಆಗ ಬಿಸಿಲು ಬರುವುದೇ ಇಲ್ಲ. ಜೊತೆಗೆ ಮೋಡ ಬೇರೆ. ಡಿಸೆಂಬರ್ 21ರ ಸುಮಾರಿಗೆ ಇದು ಪೂರಾ ತಿರುಗಿ ಬೀಳುತ್ತದೆ. ಮಧ್ಯಾಹ್ನದ ಸೂರ್ಯ ದಕ್ಷಿಣದ ಕಡೆ, ದಿಗಂತದಿಂದ 54 ಡಿಗ್ರಿಯಷ್ಟೇ ಮೇಲೆ. ಲೆಕ್ಕ ಹಾಕಿದರೆ ಎರಡು ಮೀಟರ್ ಎತ್ತರದ ಬಾಗಿಲಿನಿಂದ ಬಿಸಿಲು ಸುಮಾರು ಒಂದೂವರೆ ಮೀಟರ್ ಒಳಗೆ ಬರುತ್ತದೆ. ಮಳೆಗಾಲದ ಮಬ್ಬಿನಲ್ಲಿ ಬೆಳೆದ ಮೆತ್ತನೆಯ ಎಲೆಯ ಮೇಲೆ ಅದು ಬಿದ್ದರೆ ಸುಡದೆ ಇನ್ನೇನು?

ಬಿಸಿಲಿನ ಕಲೆ ಹೌದೋ ಅಲ್ಲವೋ ಅಂತ ನೋಡಲು ಒಂದು ಸುಲಭ ಗುರುತಿದೆ. ಕಲೆ ಬಿದ್ದ ಎಲೆಯ ಮೇಲೆ ಇನ್ನೊಂದು ಎಲೆ ಅಡ್ಡ ಬಂದಿದ್ದರೆ ಅದನ್ನು ಮೆಲ್ಲಗೆ ಸರಿಸಿ. ಅದರ ನೆರಳು ಬೀಳುತ್ತಿದ್ದ ಭಾಗ ಹಸಿರಾಗಿಯೇ ಉಳಿದಿದ್ದರೆ, ನೆರಳಿನ ಆಕಾರವೇ ಅಚ್ಚು ಹಾಕಿದ ಹಾಗೆ ಕಂಡರೆ, ಅದು ಬಿಸಿಲು. ಚಳಿ ಎಲೆಯ ನೆರಳು ನೋಡಿಕೊಂಡು ತಾಗುವುದಿಲ್ಲ. ಬಣ್ಣವೂ ಬೇರೆ. ಬಿಸಿಲಿನ ಕಲೆ ಬಿಳಿಚಿಕೊಂಡು ಒಣ ಹುಲ್ಲಿನ ಬಣ್ಣಕ್ಕೆ ಬರುತ್ತದೆ, ಮುಟ್ಟಿದರೆ ಕಾಗದದ ಹಾಗಿರುತ್ತದೆ. ಚಳಿಯ ಕಲೆ ಮೊದಲು ಕಪ್ಪಾಗಿ ಒದ್ದೆಯಾಗಿ ಕಾಣುತ್ತದೆ, ಆಮೇಲೆ ಕುಸಿಯುತ್ತದೆ.

ಈಗ ನಾನು ಪ್ರತಿ ನವೆಂಬರ್‌ನಲ್ಲಿ ಒಂದು ರಜಾ ದಿನ ಹನ್ನೊಂದು, ಹನ್ನೆರಡೂವರೆ, ಎರಡು ಗಂಟೆಗೆ ಬಿಸಿಲು ಎಲ್ಲಿವರೆಗೆ ಬಂತು ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇನೆ. ಡಿಸೆಂಬರ್‌ಗೆ ಅದಕ್ಕಿಂತ ಒಂದು ಗೇಣು ಒಳಗೆ ಬರುತ್ತದೆ ಅಂತ ಲೆಕ್ಕ. ಗೆರೆಯ ಆಚೆ ದಾಸವಾಳ, ಕ್ರೋಟನ್. ಈಚೆ ಉಳಿದದ್ದೆಲ್ಲ. ಜಾಗ ಬದಲಿಸಲು ಆಗದ ದೊಡ್ಡ ಕುಂಡಗಳಿಗೆ ಹಗ್ಗ ಕಟ್ಟಿ ಹಳೆಯ ಬೈರಾಸು (ಟವೆಲ್) ನೇತುಹಾಕುತ್ತೇನೆ. ನೋಡಲು ಚೆಂದವಿಲ್ಲ. ಮನೆಗೆ ಬಂದವರು ಬಟ್ಟೆ ಇನ್ನೂ ಒಣಗಿಲ್ವಾ ಅಂತ ಕೇಳುತ್ತಾರೆ. ಫೆಬ್ರುವರಿ ಕೊನೆವರೆಗೆ ಅದು ಅಲ್ಲೇ ಇರುತ್ತದೆ.

ಹಳೆಯ ಹಂಚಿನ ಮನೆಗಳಲ್ಲಿ ಈ ತೊಂದರೆ ಕಡಿಮೆ. ಮಾಡು (ಛಾವಣಿ) ಕೆಳಗಿನವರೆಗೆ ಇಳಿದು ಜಗಲಿಯನ್ನು ಮುಚ್ಚಿಕೊಂಡಿರುತ್ತದೆ. ನನ್ನ ಅಮ್ಮನ ಮನೆಯ ಜಗಲಿಯಲ್ಲಿ ಇದೇ ಪೀಸ್ ಲಿಲಿ ವರ್ಷವಿಡೀ ಒಂದೇ ಜಾಗದಲ್ಲಿ ಕೂತಿದೆ, ಒಂದು ಕಲೆಯೂ ಇಲ್ಲ.

ಮೂಡಣ ಗಾಳಿ

ಎಲೆಯ ತುದಿ, ಅಂಚು ಮಾತ್ರ ಕಂದಾಗಿ ಗರಿಗರಿಯಾಗಿದೆ, ಮಧ್ಯ ಭಾಗ ಚೆನ್ನಾಗಿದೆ ಅಂದರೆ ಒಣ ಗಾಳಿಯ ಮೇಲೆ ಅನುಮಾನ ಪಡಿ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಹಾಗಾಗಿ ಬೆಳಗಿನವರೆಗೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಹೋಗುತ್ತದೆ. ಘಟ್ಟ ಇಳಿದು ಬಂದ ಗಾಳಿ ಒಣಗಿರುತ್ತದೆ. ಕಡಲ ಗಾಳಿ ತಿರುಗುವ ಮೊದಲು, ಹನ್ನೊಂದು ಗಂಟೆಯ ಸುಮಾರಿಗೆ, ತೇವಾಂಶ ಎಷ್ಟಿದೆ ಅಂತ ನೋಡಿ. ಜುಲೈಯಲ್ಲಿ 90 ದಾಟುವ ನನ್ನ ಮೀಟರು ಆಗ 50ರ ಹತ್ತಿರ ಇರುತ್ತದೆ. ತುಟಿ ಒಡೆಯುವುದು, ಅಂಗಳದಲ್ಲಿ ಅಡಿಕೆ ಚೆನ್ನಾಗಿ ಒಣಗುವುದು, ಕ್ಯಾಲಥಿಯಾದ ಅಂಚು ಸುಡುವುದು, ಮೂರಕ್ಕೂ ಕಾರಣ ಒಂದೇ.

ಪರೀಕ್ಷೆ: ಯಾವ ಕಡೆಯ ಎಲೆ ಜಾಸ್ತಿ ಒಣಗಿದೆ? ಮೂಡು ಕಡೆಯದ್ದಾದರೆ ಕುಂಡವನ್ನು ಅರ್ಧ ಸುತ್ತು ತಿರುಗಿಸಿ, ಎರಡು ವಾರ ಕಾಯಿರಿ. ಈಗ ಮೂಡಿಗೆ ಬಂದ ಕಡೆಯೂ ಒಣಗಲು ಶುರುವಾದರೆ ಅನುಮಾನವೇ ಇಲ್ಲ. ಮೂಡಿನ ಕಿಟಕಿಗೂ ಪಡುವಣ ಬಾಗಿಲಿಗೂ ನೇರ ಗೆರೆ ಎಳೆದ ಹಾಗೆ ಗಾಳಿ ಹರಿಯುವ ಜಾಗದಿಂದ ಕುಂಡ ಎತ್ತಿ. ಗಿಡಗಳನ್ನು ಗುಂಪು ಕೂರಿಸಿ, ಒಂದರ ಉಸಿರಿನ ತೇವ ಇನ್ನೊಂದಕ್ಕೆ ಸಿಗುತ್ತದೆ. ಮಣ್ಣಿನ ಮೇಲೆ ತೆಂಗಿನ ಸಿಪ್ಪೆ ಹಾಸಿ. ಕಿಟಕಿ ಇರುವ ಬಚ್ಚಲು ಇದ್ದರೆ ಕ್ಯಾಲಥಿಯಾಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಸ್ಪ್ರೇ ಬಾಟಲಿ ಹಿಡಿದು ದಿನಕ್ಕೆ ಮೂರು ಸಲ ನೀರು ಚಿಮುಕಿಸುವುದು ಸುಮ್ನೆ ಕೆಲಸ. ಹತ್ತು ನಿಮಿಷದಲ್ಲಿ ಅದು ಆರುತ್ತದೆ. ಆರದೆ ಎಲೆಯ ಸಂದಿಯಲ್ಲಿ ನಿಂತರೆ ಕೊಳೆ ಬರುತ್ತದೆ. ಮಾಡಿದವರಿಗೆ ಏನೋ ಮಾಡಿದ ಸಮಾಧಾನ ಸಿಗುತ್ತದೆ, ಅಷ್ಟೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ತಂಪು ರಾತ್ರಿಗಳಿಂದ ಲಾಭ ಪಡೆಯುವ ಗಿಡವೂ ಇದೆ. ಅಂಗಡಿಯಲ್ಲಿ ಹೂ ಸಮೇತ ಸಿಗುವ ಫೆಲನಾಪ್ಸಿಸ್ ಆರ್ಕಿಡ್ ನಮ್ಮ ಸೆಕೆಯಲ್ಲಿ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ತಾಪ ಸದಾ 28ರ ಮೇಲೇ ಇದ್ದರೆ ಅದಕ್ಕೆ ಹೂದಂಟು ಹೊರಡುವುದಿಲ್ಲ. ಡಿಸೆಂಬರ್‌ನಲ್ಲಿ ಅದನ್ನು ಒಳಗೆ ಮುಚ್ಚಿಡಬೇಡಿ. ಬಿಸಿಲು ಬೀಳದ, ರಾತ್ರಿ ತಂಪಾಗುವ ಕಿಟಕಿಯ ಹತ್ತಿರ ಇಡಿ.

ನೀರು

ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ ಅಂತ ಎಲ್ಲ ಕಡೆ ಬರೆದಿರುತ್ತದೆ. ಹಿಮ ಬೀಳುವ ಊರಿಗೆ ಅದು ಸರಿ. ಅಲ್ಲಿ ಬೆಳಕೂ ಕಡಿಮೆ, ಬೇರಿಗೂ ಚಳಿ. ನಮ್ಮಲ್ಲಿ ಡಿಸೆಂಬರ್ ಮಧ್ಯಾಹ್ನ 32, 33 ಡಿಗ್ರಿ ಇರುತ್ತದೆ. ಮಳೆ ಇಲ್ಲ, ಗಾಳಿ ಒಣ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸಾಕಾಗುತ್ತಿದ್ದ ಕುಂಡ ಈಗ ಮೂರು ದಿನಕ್ಕೆ ಒಣಗುತ್ತದೆ. ಅದೇ ಗಿಡ ಏಸಿ ಕೋಣೆಯ ಕತ್ತಲ ಮೂಲೆಯಲ್ಲಿದ್ದರೆ ವಾರವಾದರೂ ಒಣಗದಿರಬಹುದು. ಹಾಗಾಗಿ ಕ್ಯಾಲೆಂಡರ್ ನೋಡಿ ನೀರು ಹಾಕುವುದು ಬಿಡಿ.

ಹಿಡಿಸೂಡಿಯಿಂದ (ಕಡ್ಡಿ ಪೊರಕೆ) ಒಂದು ಕಡ್ಡಿ ಎಳೆದುಕೊಳ್ಳಿ. ಕುಂಡದ ಅಂಚಿನಿಂದ ತಳದವರೆಗೆ ಮೆಲ್ಲಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ತುದಿಯವರೆಗೆ ಒಣಗಿದ್ದರೆ ನೀರು ಬೇಕು. ಅರ್ಧಕ್ಕಿಂತ ಜಾಸ್ತಿ ಒದ್ದೆಯಾಗಿ, ಮಣ್ಣು ಅಂಟಿಕೊಂಡು ಬಂದರೆ ಬೇಡ. ವಾಸನೆ ನೋಡಿ. ಕೊಳೆತ ನಾತ ಬಂದರೆ ಬೇರು ಹೋಗುತ್ತಿದೆ. ಗಿಡ ಬಾಡಿದೆ, ಆದರೆ ಕಡ್ಡಿ ಒದ್ದೆ ಬಂತು ಅಂದರೆ ಇನ್ನಷ್ಟು ನೀರು ಹಾಕುವುದು ಕೊಂದ ಹಾಗೆ. ಕುಂಡದಿಂದ ಎಬ್ಬಿಸಿ, ಕಪ್ಪಾಗಿ ಲೊಳಲೊಳ ಆದ ಬೇರು ಕತ್ತರಿಸಿ, ಹೊಸ ಒಣ ಮಣ್ಣಿಗೆ ಹಾಕಿ.

ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡಗಳಲ್ಲಿ ಒಂದು ಮೋಸ ನಡೆಯುತ್ತದೆ. ಅದು ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ನೀರು ಹಾಕಿದರೆ ಆ ಸಂದಿಯಲ್ಲಿ ಸರ್ರನೆ ಇಳಿದು ತಟ್ಟೆಗೆ ಬರುತ್ತದೆ. ಹಾಕಿದವರಿಗೆ ತೃಪ್ತಿ, ಬೇರಿಗೆ ಉಪವಾಸ. ಕುಂಡ ಎತ್ತಿ ನೋಡಿ. ನೀರು ಹಾಕಿದ ಮೇಲೂ ಹಗುರ ಇದ್ದರೆ ಇದೇ ಕತೆ. ಬಕೆಟಿನ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ, ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ಬಸಿಯಲು ಬಿಡಿ.

ಬೆಳಗಿನ ತಣ್ಣೀರಿನಿಂದ ಬೇರಿಗೆ ಚಳಿ ಆಯಿತೇ ಅಂತಲೂ ಕೇಳುತ್ತಾರೆ. ಬಾವಿ ಇರುವವರು ಡಿಸೆಂಬರ್ ಬೆಳಿಗ್ಗೆ ಒಂದು ಕೊಡ ಸೇದಿ ಕೈ ಅದ್ದಿ ನೋಡಿ. ಗಾಳಿಗಿಂತ ನೀರೇ ಬೆಚ್ಚಗಿರುತ್ತದೆ.

ಹುಳ

ಎಲೆಯ ಮೇಲೆ ಸೂಜಿ ಚುಚ್ಚಿದ ಹಾಗೆ ಸಾವಿರ ಬಿಳಿ ಚುಕ್ಕಿ, ಒಟ್ಟಾರೆ ಧೂಳು ಹಿಡಿದ ಬಣ್ಣ. ಇದು ಜೇಡ ನುಸಿ. ಒಣ ಹವೆಯಲ್ಲಿ ಬೇಗ ಹೆಚ್ಚುತ್ತದೆ, ಮಳೆಗಾಲದಲ್ಲಿ ಅಷ್ಟು ಕಾಣುವುದಿಲ್ಲ. ಹಾಗಾಗಿ ಇದರ ಅಪವಾದವೂ ಚಳಿಯ ತಲೆಗೆ ಬರುತ್ತದೆ. ಬಿಳಿ ಕಾಗದದ ಮೇಲೆ ಎಲೆಯನ್ನು ತಟ್ಟಿ. ಬಿದ್ದ ಧೂಳು ನಡೆಯಲು ಶುರು ಮಾಡಿದರೆ ಅದು ಧೂಳಲ್ಲ. ಬಚ್ಚಲಿಗೆ ಒಯ್ದು ಎಲೆಯ ಅಡಿಭಾಗವನ್ನು ಜೋರು ನೀರಿನಲ್ಲಿ ತೊಳೆಯಿರಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಆರೇಳು ದಿನ ಬಿಟ್ಟು ಇನ್ನೊಮ್ಮೆ, ಮತ್ತೊಮ್ಮೆ.

ಮಲಗಿದ ಗಿಡ

ಕ್ಯಾಲೇಡಿಯಂ ಇಟ್ಟವರಿಗೆ ನವೆಂಬರ್, ಡಿಸೆಂಬರ್‌ನಲ್ಲಿ ಗಾಬರಿ. ಒಂದೊಂದೇ ಎಲೆ ಹಳದಿಯಾಗಿ ಮಲಗುತ್ತದೆ, ಕೊನೆಗೆ ಖಾಲಿ ಕುಂಡ. ಅದು ಕೆಸುವಿನ ನೆಂಟ. ನಮ್ಮ ತೋಟದ ಬದಿಯ ಕೆಸುವಿಗೂ ಮಳೆ ನಿಂತ ಮೇಲೆ ಇದೇ ಗತಿ ಅಲ್ವಾ? ಕೆಸುವಿನ ಎಲೆಯ ಪತ್ರೊಡೆ ಮಾಡುವುದು ಮಳೆಗಾಲದಲ್ಲಿ ಯಾಕೆ ಅಂತ ಯೋಚಿಸಿ. ಸುವರ್ಣಗಡ್ಡೆ, ಅರಿಶಿನವೂ ಹೀಗೆಯೇ ಗಡ್ಡೆಗೆ ಇಳಿದು ಮಲಗುತ್ತವೆ. ಕುಂಡವನ್ನು ಬೆರಳಿನಲ್ಲಿ ಕೆದಕಿ ಗಡ್ಡೆ ಒತ್ತಿ ನೋಡಿ. ಗಟ್ಟಿ ಇದ್ದರೆ ನೀರು ನಿಲ್ಲಿಸಿ, ಮೆಟ್ಟಿಲ ಅಡಿಯಲ್ಲಿ ಇಟ್ಟು ಮರೆತುಬಿಡಿ. ಮೊದಲ ಮಳೆಗೆ ಎಬ್ಬಿಸಿದರೆ ಸಾಕು. ನಾನು ಎರಡು ಸಲ ಬಿಸಾಡಿ ಮೂರನೇ ಸಲ ಬುದ್ಧಿ ಕಲಿತದ್ದು.

ಘಟ್ಟ ಇಳಿದು ಬಂದ ಗಿಡ

ಕರಾವಳಿಯ ಗಿಡಕ್ಕೆ ನಿಜವಾದ ಚಳಿ ತಾಗುವ ಇನ್ನೊಂದು ದಾರಿ ಬಸ್ಸು.

ಒಂದು ಜನವರಿಯಲ್ಲಿ ಬೆಂಗಳೂರಿನಿಂದ ಒಂದು ಅಗ್ಲೋನಿಮಾ ತಂದೆ. ರಾತ್ರಿ ಬಸ್ಸು. ಸೀಟಿನಲ್ಲಿ ಜಾಗ ಇಲ್ಲ ಅಂತ ಕೆಳಗಿನ ಲಗೇಜ್ ಡಿಕ್ಕಿಗೆ ಹಾಕಿಸಿದೆ. ಬೆಳಿಗ್ಗೆ ಮನೆಗೆ ತಂದು ಬಿಚ್ಚಿದಾಗ ಎಲ್ಲ ಎಲೆಯೂ ನೆಟ್ಟಗೆ. ಮೂರನೇ ದಿನ ಕಲೆ ಎದ್ದಿತು. ಅದೇ ಎಣ್ಣೆ ಚೆಲ್ಲಿದ ಹಾಗಿನ ಕಪ್ಪು ಕಲೆ. ನನ್ನ ಬಾಲ್ಕನಿಯನ್ನೇ ಬೈದುಕೊಂಡೆ. ಆದರೆ ಥರ್ಮಾಮೀಟರಿನಲ್ಲಿ 21ಕ್ಕಿಂತ ಕೆಳಗೆ ಹೋದ ಗುರುತೇ ಇಲ್ಲ. ಏಸಿ ಇಲ್ಲ. ಬಿಸಿಲೂ ಇಲ್ಲ.

ಚಳಿಯ ಪೆಟ್ಟು ತಕ್ಷಣ ಕಾಣುವುದಿಲ್ಲ. ಚಳಿಯಲ್ಲಿ ಇರುವಾಗ ಎಲೆ ಸರಿಯಾಗಿಯೇ ಕಾಣುತ್ತದೆ. ಬೆಚ್ಚಗಿನ ಜಾಗಕ್ಕೆ ಬಂದು ಒಂದೆರಡು ದಿನ ಕಳೆದ ಮೇಲೆ ಸೋರಿದ ಜೀವಕೋಶಗಳು ಕುಸಿದು ಕಲೆ ಏಳುತ್ತದೆ. ಅಂದರೆ ಕಲೆ ಕಂಡ ದಿನ ಗಿಡ ಎಲ್ಲಿತ್ತು ಅಂತ ಕೇಳಬಾರದು. ಅದಕ್ಕೆ ಎರಡು ಮೂರು ದಿನ ಮೊದಲು ಎಲ್ಲಿತ್ತು ಅಂತ ಕೇಳಬೇಕು.

ಹಾಸನ, ಸಕಲೇಶಪುರ ಎರಡೂ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲೆ. ಸಾವಿರ ಮೀಟರ್ ಏರಿದರೆ ತಾಪ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಲೆಕ್ಕ. ನಡುರಾತ್ರಿ ದಾಟಿದ ಮೇಲೆ ಬಸ್ಸು ಅಲ್ಲೇ ಓಡುತ್ತಿರುತ್ತದೆ, ಶಿರಾಡಿ ಘಾಟಿ ಇಳಿಯುವಾಗ ಬೆಳಗಿನ ಜಾವ. ಮೇಲೆ ನಾವು ಕಂಬಳಿ ಹೊದ್ದು ಮಲಗಿರುತ್ತೇವೆ, ಡಿಕ್ಕಿಗೆ ಕಂಬಳಿ ಎಲ್ಲಿಂದ ಬರಬೇಕು? ಮುಂದಿನ ಸಲ ಹೋದಾಗ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಹಾಕಿ ಡಿಕ್ಕಿಯಲ್ಲಿ ಇಟ್ಟೆ. ಅತಿ ಕಡಿಮೆ 13. ಗಿಡ ಮಾತ್ರ ಆ ಸಲ ನನ್ನ ಕಾಲ ಬುಡದಲ್ಲಿ ಬಂತು.

ತರುವುದಿದ್ದರೆ ಹಿಂದಿನ ದಿನವೇ ನೀರು ಹಾಕಿ, ಹೊರಡುವಾಗ ಎಲೆ ಒಣಗಿರಲಿ. ಎಲೆಗಳನ್ನು ಮೇಲಕ್ಕೆ ಸೇರಿಸಿ ಎರಡು ಪದರ ನ್ಯೂಸ್‌ಪೇಪರ್ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ. ಪೆಟ್ಟಿಗೆ ನಿಮ್ಮ ಜೊತೆ ಇರಲಿ, ಏಸಿಯ ತೂತಿನ ಕೆಳಗೆ ಬೇಡ. ಕೊರಿಯರ್‌ನಲ್ಲಿ ತರಿಸುವವರು ನಾಜೂಕು ಗಿಡಗಳನ್ನು ಡಿಸೆಂಬರ್, ಜನವರಿಯಲ್ಲಿ ತರಿಸದಿರುವುದೇ ಒಳ್ಳೆಯದು. ಫೆಬ್ರುವರಿ ಕೊನೆಗೆ ತರಿಸಿ.

ಘಟ್ಟದ ಮೇಲಿನ ಮನೆಗೆ, ಮತ್ತು ಪೆಟ್ಟು ತಿಂದ ಗಿಡಕ್ಕೆ

ಇಲ್ಲಿಂದ ಮಡಿಕೇರಿ, ಚಿಕ್ಕಮಗಳೂರು, ಬೆಂಗಳೂರಿಗೆ ಮನೆ ಬದಲಿಸಿದವರು ಗಿಡವನ್ನೂ ಒಯ್ಯುತ್ತಾರೆ. ಅಲ್ಲಿ ವಿಡಿಯೊದವರ ಮಾತು ಅರ್ಧದಷ್ಟು ಸರಿ. ಬೆಂಗಳೂರಿನಲ್ಲಿ ಜನವರಿಯ ರಾತ್ರಿ 15ರ ಹತ್ತಿರ ಬರುವುದು ಮಾಮೂಲು. 1884ರ ಜನವರಿಯಲ್ಲಿ 7.8ಕ್ಕೂ ಇಳಿದಿತ್ತು. ನಾಜೂಕು ಗಿಡಗಳನ್ನು ಸಂಜೆ ಐದರೊಳಗೆ ಒಳಗೆ ತನ್ನಿ. ಎಲೆ ಕಿಟಕಿಯ ಗಾಜಿಗೆ ತಾಗಬಾರದು, ರಾತ್ರಿ ಗಾಜು ಕೋಣೆಗಿಂತ ತಣ್ಣಗಿರುತ್ತದೆ. ಕುಂಡವನ್ನು ಕಲ್ಲಿನ ನೆಲದ ಮೇಲೆ ಇಡದೆ ಮಣೆಯ ಮೇಲೋ ದಪ್ಪ ರಟ್ಟಿನ ಮೇಲೋ ಇಡಿ. ಹೀಟರ್ ಹತ್ತಿರ ಬೇಡ. ನೀರು ಹತ್ತು ಗಂಟೆಯ ಮೇಲೆ, ಕೋಣೆಯ ತಾಪಕ್ಕೆ ಬಂದ ನೀರು. ಘಟ್ಟದ ಮೇಲೆ ಮಾತ್ರ ನೀರು ಕಡಿಮೆ ಮಾಡಬೇಕು ಅನ್ನುವುದು ನಿಜ, ಯಾಕೆಂದರೆ ತಣ್ಣಗಿನ ಬೇರು ನೀರು ಎಳೆಯುವುದಿಲ್ಲ. ಹೊರಗೇ ಇರಬೇಕಾದ ದೊಡ್ಡ ಗಿಡಕ್ಕೆ ರಾತ್ರಿ ಹಳೆಯ ಬೆಡ್‌ಶೀಟ್ ಹೊದೆಸಿ, ಬಿಸಿಲು ಬಂದ ಕೂಡಲೇ ತೆಗೆಯಿರಿ. ಪ್ಲಾಸ್ಟಿಕ್ಕೇ ಬೇಕೆಂದರೆ ನಾಲ್ಕು ಕೋಲು ನಿಲ್ಲಿಸಿ ಎಲೆಗೆ ತಾಗದ ಹಾಗೆ ಹಾಕಿ, ಅದನ್ನೂ ಬೆಳಿಗ್ಗೆ ತೆಗೆಯಲು ಮರೆಯಬೇಡಿ.

ಏಸಿಯಿಂದಲೋ ಬಸ್ಸಿನಿಂದಲೋ ಘಟ್ಟದ ಚಳಿಯಿಂದಲೋ ಪೆಟ್ಟು ತಿಂದ ಗಿಡ ಕೈಗೆ ಸಿಕ್ಕರೆ ಮಾಡಬೇಕಾದ್ದು ಸ್ವಲ್ಪ, ಮಾಡಬಾರದ್ದು ಜಾಸ್ತಿ. ಬೆಚ್ಚಗಾಗಲಿ ಅಂತ ಬಿಸಿಲಿಗೆ ಇಡಬೇಡಿ, ಸೋರಿದ ಎಲೆ ಅಲ್ಲೇ ಬೇಯುತ್ತದೆ. ನೆರಳಿನ, ಗಾಳಿಯಾಡುವ ಜಾಗ ಸಾಕು. ಗೊಬ್ಬರ ಬೇಡ. ಕುಂಡ ಬದಲಿಸುವುದೂ ಬೇಡ. ಲೊಳಲೊಳ ಆದ ಎಲೆಯನ್ನು ಮಾತ್ರ ಕತ್ತರಿಸಿ, ಕೊಳೆ ಕಾಂಡಕ್ಕೆ ಇಳಿಯದಿರಲಿ ಅಂತ. ಅರ್ಧ ಕಲೆ ಬಿದ್ದ ಎಲೆ ಹಾಗೇ ಇರಲಿ, ಉಳಿದ ಅರ್ಧ ಹಸಿರು ಗಿಡಕ್ಕೆ ಅನ್ನ ಬೇಯಿಸುತ್ತಿರುತ್ತದೆ. ಬಿದ್ದ ಕಲೆ ಹೋಗುವುದಿಲ್ಲ, ಆ ಎಲೆ ಇರುವವರೆಗೂ ಇರುತ್ತದೆ. ವಾಸಿ ಆಗುತ್ತಿದೆಯೇ ಅಂತ ಹೊಸ ಎಲೆಯಲ್ಲಿ ನೋಡಬೇಕು.

ಎಲ್ಲ ಎಲೆಯೂ ಉದುರಿದ್ದರೆ ಉಗುರಿನಲ್ಲಿ ಕಾಂಡದ ಸಿಪ್ಪೆಯನ್ನು ಎಳ್ಳಿನಷ್ಟು ಕೆರೆಯಿರಿ. ಒಳಗೆ ಹಸಿರು ಇದ್ದರೆ ಜೀವ ಇದೆ. ಕಂದಾಗಿದ್ದರೆ ಇನ್ನೊಂದು ಇಂಚು ಕೆಳಗೆ ಕೆರೆದು ನೋಡಿ, ಹಸಿರು ಸಿಕ್ಕಿದಲ್ಲಿಗೆ ಕತ್ತರಿಸಿ. ಹಿಡಿಸೂಡಿ ಕಡ್ಡಿ ಕೇಳಿದಾಗ ಮಾತ್ರ ನೀರು. ನನ್ನ ಬಸ್ಸಿನ ಅಗ್ಲೋನಿಮಾ ಎರಡು ತಿಂಗಳು ಬರೀ ಕೋಲಾಗಿ ನಿಂತಿತ್ತು, ಮಾರ್ಚ್ ಕೊನೆಗೆ ಬುಡದಿಂದ ಒಂದು ಸುರುಳಿ ಎಲೆ ಬಿಟ್ಟಿತು. ಬಿಸು (ಏಪ್ರಿಲ್ ಮಧ್ಯದ ಹೊಸ ವರ್ಷ) ಕಳೆದು ಎರಡು ವಾರವಾದರೂ ಏನೂ ಏಳದಿದ್ದರೆ ಕುಂಡ ಖಾಲಿ ಮಾಡಿ.